ಬಂಡೆಗಳ ಬೀಡಿನಲ್ಲಿ ಒಂದು ಹಗಲು

ಚಿಂತಾಮಣಿಯ ಸಮೀಪದ ಅಂಬಾಜಿದುರ್ಗವನ್ನು ಏರಬಯಸುವ ಪ್ರವಾಸಿಗನು ಮುಂಜಾನೆಯೇ ಹೊರಡುವುದು ಲೇಸು. ಹೊತ್ತೇರಿದಂತೆ ಅಲ್ಲಿಯ ಕಲ್ಲು ಕಾದ ಹೆಂಚಿನಂತಾಗುತ್ತದೆ. ಕಣ್ಣು ಹಾಯುವವರೆಗೂ ಒಂದರ ಮೇಲೊಂದು ಪೇರಿಸಿಟ್ಟಂತೆ ತೋರುವ ಗುಂಡುಬಂಡೆಗಳು! ಇವನ್ನು ಯಾರೂ ಪೇರಿಸಿದವರಿಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಶಿಲಾರಸವು ಆರಿ ಗಟ್ಟಿಯಾದ ಗ್ರಾನೈಟ್ ಇದು. ಬಿರುಕುಗಳಿಗೆ ನೀರಿಳಿದು ಮೂಲೆಗಳು ಸವೆದವು; ಮೇಲಣ ಮಣ್ಣು ಕೊಚ್ಚಿಹೋಯಿತು; ಉಳಿದುದೇ ಈ ಗುಂಡುಗಳು.

ನಡುಹಗಲಿನ ಬೇಗೆಯಲ್ಲಿ ನೆರೆಯ ಕೈಲಾಸಗಿರಿಯ ಗುಹಾಲಯಗಳು ತಂಪನ್ನೀಯುತ್ತವೆ. ಬಂಡೆಯನ್ನೇ ಕೊರೆದು ಮಾಡಿದ ಗುಡಿಗಳವು. ಬಿಸಿಲು ಇಳಿದ ಮೇಲೆ ಎತ್ತರದಿಂದ ನೋಡಿದರೆ ಬೆಟ್ಟಗಳ ಬುಡದಲ್ಲಿ ಕೆರೆಗಳು ಕಾಣುತ್ತವೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ಬೋಳುಬಂಡೆಗಳ ಮೇಲೆ ಬಿದ್ದ ಮಳೆಯೇ ಜಾರಿಬಂದು ಕೆರೆಗಳನ್ನು ತುಂಬಿತು, ಬಾವಿಗಳ ಒರತೆಯನ್ನು ಉಳಿಸಿತು, ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಗಳನ್ನು ಸಾಕಿತು.

ಇಂದು ಈ ಸೀಮೆಯ ಬಂಡೆ ಜಲ್ಲಿಯಾಗಿ ನಗರದತ್ತ ಸಾಗುತ್ತಿದೆ. ಅದಕ್ಕೆ ಮನುಷ್ಯರೂ ಬಲಿಯಾಗಿದ್ದಾರೆ: 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಿರೇನಾಗವಲ್ಲಿಯ ಬಳಿ ಕಲ್ಲುಗಣಿಯ ಸಿಡಿಮದ್ದು ಸ್ಫೋಟಿಸಿ ಆರು ಮಂದಿ ಅಸುನೀಗಿದರು. ಕೋಟ್ಯಂತರ ವರ್ಷಗಳಲ್ಲಿ ರೂಪುಗೊಂಡ ಗುಂಡನ್ನು ಒಡೆಯಲು ಒಂದು ಗಳಿಗೆ ಸಾಕು. ಒಡೆದ ಬೆಟ್ಟವು ಕೆರೆಗೆ ಮಳೆಯನ್ನು ಕಳುಹಲಾರದು.