ತಿರುಪುಗಳಿಲ್ಲದ ಪೆಟ್ಟಿಗೆ

ಮಿಕ್ಸರು ಎಂದೊಡನೆ ಗೃಹಿಣಿಯರಿಗೆ ಚಟ್ನಿ ಅರೆಯುವ ಯಂತ್ರವು ನೆನಪಾಗುವುದು ಸಹಜ. ಧ್ವನಿವರ್ಧಕದವರ ಮಿಕ್ಸರು ಬೇರೆ. ಗಾಯಕನ ಕಂಠ, ಪಿಟೀಲು, ಮೃದಂಗ, ತಂಬೂರಿ ಇವುಗಳ ಮುಂದಿಟ್ಟ ಮೈಕುಗಳಿಂದ ಬರುವ ನಾದಗಳನ್ನೆಲ್ಲ ತಕ್ಕ ಪ್ರಮಾಣದಲ್ಲಿ ಕೂಡಿಸಿ ಸ್ಪೀಕರುಗಳಿಗೆ ಕಳುಹಿಸುವುದು ಅದರ ಕಾರ್ಯ. ಸಾರಿನಲ್ಲಿ ಉಪ್ಪು ಹುಳಿಗಳ ಹದ ತಪ್ಪಿದರೆ ಏನಾಗುವುದೋ ಇಲ್ಲಿಯೂ ಅದೇ ಆಗುವುದು.

ಒಂದು ಸಣ್ಣ ಊರಿನ ರಾಮೋತ್ಸವದಲ್ಲಿ ಬಹುಕಾಲದಿಂದ ಈ ಕಾರ್ಯವನ್ನು ತಿರುಪುಗಳ ಸಾಲುಸಾಲಿನ ಒಂದು ದೊಡ್ಡ ಹಲಗೆಯು ನಡೆಸಿಕೊಂಡು ಬಂದಿತ್ತು. ಅದನ್ನು ವೇದಿಕೆಯ ಪಕ್ಕದಲ್ಲಿ, ಸ್ಪೀಕರುಗಳ ಬೆನ್ನಿಗೆ ಇಡುತ್ತಿದ್ದರು. ಚಪ್ಪರದ ನಡುವೆ ಇಡಬೇಕಾದರೆ ಹೆಬ್ಬೆರಳುಗಾತ್ರದ ತಂತಿಯ ಹುರಿಯನ್ನು ಜನರ ಕಾಲಡಿಯಲ್ಲಿ ಎಳೆಯಬೇಕಾಗುತ್ತಿತ್ತು. ಆದುದರಿಂದ ತಿರುಪು ಹಿಡಿದವನಿಗೆ ಸಭೆಗೆ ಏನು ಕೇಳಿಸುತ್ತಿದೆಯೆಂಬುದೇ ತಿಳಿಯುತ್ತಿರಲಿಲ್ಲ. ಹಿಂದಿನ ಸಾಲಿನ ಹೆಂಗಸರು ಮೃದಂಗವೊಂದನ್ನೇ ಕೇಳಿ ಮನೆಗೆ ಹೋದುದುಂಟು. ಆ ಊರಿಗೆ ಪ್ರತಿವರ್ಷವೂ ಬರುತ್ತಿದ್ದ ವೃದ್ಧ ವಿದ್ವಾಂಸರೊಬ್ಬರು, ಕಂಠ ಕ್ಷೀಣಿಸಿದ ಮೇಲೆ, "ಇನ್ನು ಕೂಗಲಾರೆ" ಎಂದು ಎರಡು ವರ್ಷ ಬರುವುದನ್ನೇ ಬಿಟ್ಟಿದ್ದರು. ಈ ಸಲ ಕೂಗಬೇಕಾದುದಿಲ್ಲವೆಂಬ ಮಾತಿನ ಮೇಲೆ ಎರಡು ಸಂಜೆ ಹಾಡಲು ಒಪ್ಪಿದರು. ಮಾತು ಕೊಟ್ಟವನು ಧ್ವನಿವರ್ಧಕದ ತರುಣ. ಅವನ ಧೈರ್ಯಕ್ಕೆ ಆಧಾರ ಹೊಸ ಪೆಟ್ಟಿಗೆ.

೨೦೧೨ರಲ್ಲಿ ಮ್ಯಾಕಿ ಸಂಸ್ಥೆಯು ಐಪ್ಯಾಡಿನಿಂದ ನಡೆಯುವ ಹದಿನಾರು ಮೈಕುಗಳ ಮಿಕ್ಸರನ್ನು ಹೊರತಂದಿತು. ೨೦೧೫ರಲ್ಲಿ ಸೌಂಡ್‌ಕ್ರಾಫ್ಟ್ ಸಂಸ್ಥೆಯವರ ಯುಐ ಮಾದರಿಗಳನ್ನು ಸಾಮಾನ್ಯ ಬ್ರೌಸರಿನಿಂದಲೇ ನಡೆಸಬಹುದಾಯಿತು. ತರುಣನದು ಇದೇ ಕುಲದ್ದು. ಯಾವ ಕಾರ್ಖಾನೆಯದೆಂಬುದು ಇಲ್ಲಿ ಅನಾವಶ್ಯಕ. ಒಂದೇ ಕೈಯಲ್ಲಿ ಎತ್ತಬಹುದಾದ ಪೆಟ್ಟಿಗೆ. ಮೈಕು ಚುಚ್ಚುವ ರಂಧ್ರಗಳುಂಟು, ತಿರುಪುಗಳ ಸಾಲಿಲ್ಲ. ಒಳಗೆ ಬಂದ ನಾದವನ್ನು ಸೆಕೆಂಡಿಗೆ ೪೮,೦೦೦ ಬಾರಿ ಅಳೆದು ಅಂಕಿಗಳನ್ನಾಗಿ ಮಾಡಿ, ಲೆಕ್ಕಹಾಕಿ, ಮರಳಿ ನಾದವನ್ನಾಗಿಸುವುದು. ಇದಕ್ಕೆ ಹಿಡಿಯುವ ವಿಳಂಬವು ಶ್ರೋತೃವು ಒಂದು ಗಜ ಹಿಂದೆ ಸರಿದು ಕುಳಿತರೆ ಆಗುವುದಕ್ಕಿಂತಲೂ ಕಡಿಮೆ. ಅಪ್ಪಣೆಗಳೆಲ್ಲ ಕೈಯಲ್ಲಿನ ಟ್ಯಾಬ್ಲೆಟ್ಟಿನಿಂದ ನಿಸ್ತಂತುವಾಗಿ ಹೋಗುವುವು.

ಮಧ್ಯಾಹ್ನ ಬರಿದಾದ ಚಪ್ಪರದಲ್ಲಿ ಪರೀಕ್ಷೆ ನಡೆಯಿತು. ತರುಣನು ಟ್ಯಾಬ್ಲೆಟ್ಟು ಹಿಡಿದು ಕಟ್ಟಕಡೆಯ ಕಂಬದ ಬಳಿ ನಿಂತು, ಅಲ್ಲಿಂದಲೇ ತಂಬೂರಿಯನ್ನು ಏರಿಸಿದನು, ಮೃದಂಗದ ಗುಂಯ್ಗುಟ್ಟುವಿಕೆಯನ್ನು ಕಳೆದನು. ಸಮಿತಿಯ ಹಿರಿಯರು "ಭೂತ ಬಿಟ್ಟ ಹಾಗಿದೆಯಪ್ಪಾ" ಎಂದರು. ಎಲ್ಲವೂ ಸರಿಯಾಗಿತ್ತು.

ಸಂಜೆ ಸರಿಯಾಗಲಿಲ್ಲ. ಆಲಾಪನೆಗೆ ಮುಂಚೆ ಅವನು ಗಾಯಕರ ಮೈಕನ್ನು ಕೊಂಚ ಏರಿಸಿದನು. ಮರುಕ್ಷಣವೇ ಟ್ಯಾಬ್ಲೆಟ್ಟಿಗೂ ಪೆಟ್ಟಿಗೆಗೂ ಇದ್ದ ಸಂಬಂಧ ಕಡಿಯಿತು. ಕೂಡಿಸುವ ಕೆಲಸವು ಪೆಟ್ಟಿಗೆಯೊಳಗೇ ನಡೆಯುವುದರಿಂದ ಧ್ವನಿ ನಿಲ್ಲಲಿಲ್ಲ, ನಿಲ್ಲಬೇಕಾದುದೂ ನಿಲ್ಲಲಿಲ್ಲ. ಸ್ಪೀಕರಿನ ಧ್ವನಿ ಮೈಕನ್ನು ಹೊಕ್ಕು, ಅದೇ ಮತ್ತೆ ಸ್ಪೀಕರಿಗೆ ಬಂದು, ಬೆಳೆಬೆಳೆದು ಊಳಿಡತೊಡಗಿತು. ಮಕ್ಕಳು ಕಿವಿ ಮುಚ್ಚಿಕೊಂಡರು. ತರುಣನು ಜನರನ್ನು ದಾಟಿಕೊಂಡು ಓಡಿಬಂದು ಮೈಕಿನ ತಂತಿಯನ್ನೇ ಕಿತ್ತನು. ವಿದ್ವಾಂಸರು ಅವನತ್ತ ಒಮ್ಮೆ ನೋಡಿ, ಮೈಕಿನ ಕೋಲನ್ನು ಪಕ್ಕಕ್ಕೆ ಸರಿಸಿ, ಬರಿಯ ಕಂಠದಿಂದಲೇ ಮುಂದುವರಿದರು. ಮುಂದಿನ ನಾಲ್ಕು ಸಾಲಿಗೆ ಕೇಳಿಸಿತು. ಉಳಿದವರು ಉಸಿರು ಬಿಗಿಹಿಡಿದು ಕುಳಿತರು. ಹೊಸತು ಬಂದಾಗ ಹಳೆಯದನ್ನು ಗಾಡಿಯಲ್ಲಾದರೂ ಇಟ್ಟುಕೊಳ್ಳಬಾರದೇ ಎಂದು ಯಾರಿಗಾದರೂ ತೋರುವುದು ನ್ಯಾಯವೇ.

ಕಾರಣವನ್ನು ಹುಡುಕುವುದು ಕಷ್ಟವಾಗಲಿಲ್ಲ. ಪೆಟ್ಟಿಗೆಯು ೨.೪ ಗಿಗಾಹರ್ಟ್ಸಿನಲ್ಲಿ ಮಾತನಾಡುತ್ತಿತ್ತು. ಅಲ್ಲಿ ಒಂದರ ಮೇಲೊಂದು ಬೀಳದ ವೈಫೈ ದಾರಿಗಳು ಮೂರೇ. ಆ ಸಂಜೆ ಸಭಾಸದರ ಜೇಬುಜೇಬಿನಲ್ಲಿಯೂ ಇದ್ದ ಮೊಬೈಲುಗಳು ಅದೇ ಬಯಲಿನಲ್ಲಿ ಗದ್ದಲ ಮಾಡುತ್ತಿದ್ದುವು. ಇದಲ್ಲದೆ ಮನುಷ್ಯದೇಹವು ಬಹುಪಾಲು ನೀರು. ನೀರು ಆ ತರಂಗಗಳನ್ನು ಹೀರಿಕೊಳ್ಳುವುದು. ವೇದಿಕೆಯ ಕೆಳಗೆ ನೆಲದ ಮೇಲಿಟ್ಟ ಪೆಟ್ಟಿಗೆಗೂ ಕಟ್ಟಕಡೆಯ ಕಂಬಕ್ಕೂ ನಡುವೆ ತುಂಬಿದ ಸಭೆಯೇ ಗೋಡೆಯಾಗಿತ್ತು. ಬರಿದಾದ ಚಪ್ಪರದ ಪರೀಕ್ಷೆಯು ಇದನ್ನು ಹೇಗೆ ತೋರಿಸೀತು?

ಮರುದಿನ ತರುಣನು ೫ ಗಿಗಾಹರ್ಟ್ಸಿನ ಬೇರೊಂದು ರೌಟರನ್ನು ತಂದು, ಜನರ ತಲೆಗಳ ಮೇಲೆ ನಿಲ್ಲುವಂತೆ ಬಿದಿರಿನ ಗಳಕ್ಕೆ ಕಟ್ಟಿ, ತಂತಿಯಿಂದ ಪೆಟ್ಟಿಗೆಗೆ ಸೇರಿಸಿದನು. ನಿಸ್ತಂತು ಮತ್ತೆ ಕೈಕೊಟ್ಟರೆ ಇರಲೆಂದು ತಂತಿಯಿಂದಲೇ ಕೂಡಿದ ಲ್ಯಾಪ್‌ಟಾಪೊಂದನ್ನು ವೇದಿಕೆಯ ಬದಿಗೆ ಇರಿಸಿ ತಮ್ಮನನ್ನು ಕೂರಿಸಿದನು. ಒಂದು ಯುಪಿಎಸ್ಸನ್ನೂ ಇಟ್ಟನು. ಕರೆಂಟು ಹೋಗಿ ಬಂದರೆ ಹಳೆಯ ಹಲಗೆಯು ತಕ್ಷಣ ಎದ್ದು ನಿಲ್ಲುತ್ತಿತ್ತು. ಹೊಸದು ಗಣಕಯಂತ್ರದ ಜಾತಿಯಾದುದರಿಂದ ಎಚ್ಚರಗೊಳ್ಳಲು ಕೊಂಚ ಕಾಲ ಬೇಕು.

ಎರಡನೆಯ ಸಂಜೆ ಸಂಬಂಧ ಕಡಿಯಲಿಲ್ಲ. ಗಾಯನವು ತಗ್ಗಿದ ಧ್ವನಿಯಲ್ಲಿಯೇ ನಡೆದು, ಮಂದ್ರದ ಗಮಕಗಳೂ ಹಿಂದಿನ ಸಾಲಿಗೆ ಮುಟ್ಟಿದುವು. ಮಂಗಳವಾದ ಮೇಲೆ ವಿದ್ವಾಂಸರು ತರುಣನನ್ನು ಕರೆದರು.

"ಏನಪ್ಪಾ, ನನ್ನ ಧ್ವನಿಯನ್ನು ಬಹಳ ಏರಿಸಿದೆಯೋ?"

"ಇಲ್ಲ ಗುರುಗಳೇ, ನಿನ್ನೆಗಿಂತ ಇಳಿಸಿಯೇ ಇದ್ದೆ. ಹಿಂದೆ ನಿಂತು ಕೇಳಿದಾಗ ಮೃದಂಗವೇ ಹೆಚ್ಚಾಗಿತ್ತು. ಅದನ್ನು ತಗ್ಗಿಸಿದೆ, ಅಷ್ಟೇ."

ವಿದ್ವಾಂಸರು ಮೃದಂಗದವರ ಕಡೆಗೆ ತಿರುಗಿ, "ಕೇಳಿದಿರಾ? ಇಷ್ಟು ವರ್ಷ ನಾನು ಕೂಗಿದ್ದು ನಿಮ್ಮ ಮೇಲಕ್ಕೆ!" ಎಂದರು. ಅವರು ನಗುತ್ತ ಮೃದಂಗಕ್ಕೆ ಗವಸು ಹಾಕಿದರು.