ನೆನಪು ದಾಟುವ ಸಂಪುಟಗಳು

ಕಾಗವಾಡದಲ್ಲಿ ಡಿಗ್ರಿ ಓದುವ ನಮ್ಮ ಅಕ್ಕನ ಮಗನಿಗೆ ದಪ್ಪ ದಪ್ಪ ಇಂಗ್ಲಿಷ್ ಸರಣಿ ಕಾದಂಬರಿಗಳ ಹುಚ್ಚು. ಮಾಂತ್ರಿಕರು, ಹಾರುವ ಸರ್ಪಗಳು, ಏಳು ರಾಜ್ಯಗಳ ಜಗಳ. ಅವನು ಈಗ ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಸರಣಿ ಮುಗಿಸಿ ಕೂತಿದ್ದಾನೆ. ಮುಗಿಸಿ ಎನ್ನುವಂತೆಯೂ ಇಲ್ಲ. ಐದನೆಯ ಸಂಪುಟ 2011ರಲ್ಲಿ ಬಂತು, ಆರನೆಯದಕ್ಕೆ ಜಗತ್ತೇ ಕಾಯುತ್ತಿದೆ. “ಮಾಮಾ, ಐದು ಪುಸ್ತಕ ಓದೇನಿ. ಮುಂದಿಂದು ಬರತೈತೋ ಇಲ್ಲೋ ಗೊತ್ತಿಲ್ಲ. ಹಂಗಾರ ಇದು ಛಲೋ ಕಥಿನೋ ಅಲ್ಲೋ, ಹೆಂಗ ಹೇಳೂದು?” ಎಂದು ಕೇಳಿದ. ಈ ಪ್ರಶ್ನೆ ಸಣ್ಣದಲ್ಲ. ಒಂದು ಕಾದಂಬರಿಯನ್ನು ಅಳೆಯುವುದು ಬೇರೆ, ಹತ್ತು ಸಂಪುಟಗಳನ್ನು ಅಳೆಯುವುದೇ ಬೇರೆ.

ಇದಕ್ಕೆ ಉತ್ತರ ಹುಡುಕಲು ನಾನು ದೂರ ಹೋಗಬೇಕಾಗಲಿಲ್ಲ. ಚಿಕ್ಕೋಡಿ ತಾಲ್ಲೂಕಿನ ಸದಲಗಾದಲ್ಲಿ 1906ರಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆಯವರು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಪಾಠ ಹೇಳುತ್ತ ಪ್ರಾಕೃತ ಗ್ರಂಥಗಳ ಸಂಪಾದನೆಗೇ ಜೀವ ತೇದವರು. ಅವರು ಸಂಪಾದಿಸಿದ ಒಂದು ಗ್ರಂಥ ಉದ್ದ್ಯೋತನಸೂರಿ 779ರಲ್ಲಿ ಬರೆದ ‘ಕುವಲಯಮಾಲಾ’. ಕೋಪ, ಮಾನ, ಮಾಯೆ, ಲೋಭ, ಮೋಹಗಳಿಂದ ಕೆಟ್ಟ ಐದು ಜೀವಗಳು ಅದರ ನಾಯಕರು. ಅವರು ಒಬ್ಬರಿಗೊಬ್ಬರು ಮಾತು ಕೊಡುತ್ತಾರೆ: ಮುಂದಿನ ಜನ್ಮದಲ್ಲಿ ನಾವು ಯಾರು ಎಲ್ಲೇ ಹುಟ್ಟಲಿ, ನೆನಪಿದ್ದವರು ಮರೆತವರನ್ನು ಹುಡುಕಿ ಎಚ್ಚರಿಸಬೇಕು. ಕಥೆ ಮುಂದೆ ನಡೆಯುವುದು ಈ ಮಾತಿನ ಬಲದಿಂದ. ಸರಣಿಗೆ ಇದಕ್ಕಿಂತ ಗಟ್ಟಿ ಅಡಿಪಾಯ ನನಗೆ ಗೊತ್ತಿಲ್ಲ. ಜಗತ್ತು ಎಷ್ಟು ದೊಡ್ಡದು, ನಕಾಶೆಯಲ್ಲಿ ಎಷ್ಟು ನದಿ ಎಂಬುದು ಆಮೇಲಿನ ಮಾತು. ಹಿಂದಿನ ಸಂಪುಟದ ಋಣವನ್ನು ಮುಂದಿನ ಸಂಪುಟ ನೆನಪಿಟ್ಟುಕೊಂಡಿದೆಯೇ? ನಾನು ಮೊದಲು ನೋಡುವುದು ಅದನ್ನೇ.

ಶೇಡಬಾಳ, ಐನಾಪುರ, ಭೋಜ, ಸದಲಗಾ ಕಡೆಯ ಜೈನ ಮನೆಗಳಿಗೆ ಮೊದಲ ತೀರ್ಥಂಕರ ಆದಿನಾಥನ ಭವಾವಳಿ, ಅಂದರೆ ಹಿಂದಿನ ಜನ್ಮಗಳ ಸಾಲು, ಹೊಸದಲ್ಲ. ಭಕ್ತರಿಗೆ ಅದು ಧರ್ಮಕಥೆ. ಆ ಶ್ರದ್ಧೆಯ ಗೊಡವೆಗೆ ನಾನು ಹೋಗುವುದಿಲ್ಲ, ಕಥೆ ಕಟ್ಟಿದ ಬಗೆಯನ್ನಷ್ಟೇ ನೋಡುತ್ತೇನೆ. ತೀರ್ಥಂಕರನಾಗುವ ಮುನ್ನ ಒಂದೇ ಜೀವ ಜಯವರ್ಮ, ಮಹಾಬಲ, ಲಲಿತಾಂಗ, ವಜ್ರಜಂಘ ಹೀಗೆ ಹತ್ತು ಜನ್ಮ ದಾಟಿ ಬರುತ್ತದೆ. ಪಂಪ 941ರಲ್ಲಿ ‘ಆದಿಪುರಾಣ’ ಬರೆದಾಗ ಈ ಜನ್ಮಗಳನ್ನು ಬರೀ ಪಟ್ಟಿ ಮಾಡಿ ಹೋಗಬಹುದಿತ್ತು. ಆತ ಹಾಗೆ ಮಾಡಲಿಲ್ಲ.

ಲಲಿತಾಂಗ ಸ್ವರ್ಗದ ದೇವ. ಸ್ವಯಂಪ್ರಭೆ ಅವನ ಪ್ರಿಯೆ. ಆಯುಷ್ಯ ತೀರುತ್ತ ಬಂದಾಗ ಅವನ ಕೊರಳಿನ ಬಾಡದ ಮಾಲೆ ಬಾಡುತ್ತದೆ. ಅವನು ಭೂಮಿಯಲ್ಲಿ ವಜ್ರಜಂಘನಾಗಿ ಹುಟ್ಟುತ್ತಾನೆ, ಅವಳು ಶ್ರೀಮತಿಯಾಗಿ. ಆಕಾಶದಲ್ಲಿ ಹೋಗುತ್ತಿರುವ ದೇವತೆಗಳನ್ನು ಕಂಡ ಶ್ರೀಮತಿಗೆ ಹಿಂದಿನ ಜನ್ಮ ನೆನಪಾಗಿ ಮೂರ್ಛೆ ಬರುತ್ತದೆ. ಆಮೇಲೆ ಅವಳು ಮಾಡುವ ಕೆಲಸ ನೋಡಿ: ತಮ್ಮ ಸ್ವರ್ಗದ ಬಾಳನ್ನು ಪಟದ ಮೇಲೆ ಬರೆಯುತ್ತಾಳೆ, ಕೆಲವು ಗುಟ್ಟುಗಳನ್ನು ಬೇಕೆಂದೇ ಮರೆಮಾಡುತ್ತಾಳೆ. ದಾದಿ ಪಂಡಿತೆ ಅದನ್ನು ಜಿನಾಲಯದಲ್ಲಿ ಹರಡಿ ಕೂರುತ್ತಾಳೆ. ‘ನಾನೇ ಅವನು’ ಎಂದು ಸುಳ್ಳು ಹೇಳಿಕೊಂಡು ಬಂದವರು ಆ ಗುಟ್ಟಿನ ಮುಂದೆ ಸಿಕ್ಕಿಬೀಳುತ್ತಾರೆ. ವಜ್ರಜಂಘನಿಗೆ ಮಾತ್ರ ಪಟ ಪೂರ್ತಿ ಓದಲು ಬರುತ್ತದೆ. ಹಿಂದಿನ ಭಾಗ ಓದಿದವನಿಗೇ ಮುಂದಿನ ಭಾಗದ ಬಾಗಿಲು ತೆರೆಯುವಂತೆ ಕಟ್ಟಿದ ಕಥೆ ಇದು. ಮುಂದೆ ಈ ದಂಪತಿ ಶಯ್ಯಾಗೃಹದ ಕಿಟಕಿ ಮುಚ್ಚಿದ್ದರಿಂದ ಸುಗಂಧ ಧೂಪದ ಹೊಗೆಯಲ್ಲೇ ಉಸಿರುಗಟ್ಟಿ ಸಾಯುತ್ತಾರೆ. ಭೋಗದ ಸಾಮಗ್ರಿಯಿಂದಲೇ ಸಾವು ಬಂತೆಂದು ಕವಿ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ದೊಡ್ಡ ಋಣ ತೀರುವುದು ಎಷ್ಟೋ ಜನ್ಮ ಕಳೆದ ಮೇಲೆ. ರಾಜ್ಯ ಬಿಟ್ಟು ಮುನಿಯಾದ ಆದಿನಾಥ ಆಹಾರಕ್ಕೆ ಊರೂರು ತಿರುಗುತ್ತಾನೆ. ಮುನಿಗೆ ಏನು ಕೊಡಬೇಕು, ಹೇಗೆ ಕೊಡಬೇಕು ಎಂದು ಯಾರಿಗೂ ಗೊತ್ತಿಲ್ಲ. ಆನೆ, ಕುದುರೆ, ರತ್ನ, ಕನ್ಯೆಯರನ್ನು ತಂದು ನಿಲ್ಲಿಸುತ್ತಾರೆ. ಕೊನೆಗೆ ಹಸ್ತಿನಾಪುರದ ಶ್ರೇಯಾಂಸನಿಗೆ ಹೊಳೆಯುತ್ತದೆ. ಅವನು ಬೇರೆ ಯಾರೂ ಅಲ್ಲ, ಅದೇ ಶ್ರೀಮತಿಯ ಜೀವ. ವಜ್ರಜಂಘನ ಜೊತೆ ಕಾಡಿನಲ್ಲಿ ಇಬ್ಬರು ಚಾರಣ ಮುನಿಗಳಿಗೆ ಆಹಾರ ಕೊಟ್ಟದ್ದು ನೆನಪಾಗಿ, ಆ ವಿಧಿಯಂತೆ ಕಬ್ಬಿನ ಹಾಲು ಕೊಡುತ್ತಾನೆ. ಅಕ್ಷಯ ತೃತೀಯದ ದಿನ ನಮ್ಮ ಕಡೆಯ ಬಸದಿಗಳಲ್ಲಿ ಕಬ್ಬಿನ ಹಾಲು ಹಂಚುವುದು ಈ ಕಾರಣಕ್ಕೆ. ಉಗಾರದ ಸಕ್ಕರೆ ಕಾರ್ಖಾನೆಗೆ ಟ್ರ್ಯಾಕ್ಟರ್ ತುಂಬಿ ಕಬ್ಬು ಕಳಿಸುವ ರೈತನ ಬೊಗಸೆಯಲ್ಲೂ ಆ ದಿನ ಅದೇ ಹಾಲು. ಗಂಡ ಹೆಂಡತಿ ಒಂದು ಜನ್ಮದಲ್ಲಿ ಕೂಡಿ ಮಾಡಿದ ದಾನ, ಮತ್ತೊಂದು ಜನ್ಮದಲ್ಲಿ ಆ ಗಂಡನದೇ ಹಸಿವು ನೀಗಿಸಿತು. ನಾನು ಓದಿದ ಯಾವ ಸರಣಿಯಲ್ಲೂ ಇದಕ್ಕಿಂತ ಚೆಂದದ ಜೋಡಣೆ ಕಂಡಿಲ್ಲ.

ಹಾಗೆಂದು ಇದರಲ್ಲಿ ಕುಂದೇ ಇಲ್ಲ ಎನ್ನಲಾರೆ. ಜೈನ ಪುರಾಣಗಳ ಅರವತ್ಮೂರು ಶಲಾಕಾಪುರುಷರ, ಅಂದರೆ ಮಹಾಪುರುಷರ, ಚೌಕಟ್ಟನ್ನೇ ನೋಡಿ. ಅವರಲ್ಲಿ 9 ಬಲದೇವರು, 9 ವಾಸುದೇವರು, 9 ಪ್ರತಿವಾಸುದೇವರು. ಪ್ರತಿವಾಸುದೇವ ಬಿಟ್ಟ ಚಕ್ರ ವಾಸುದೇವನ ಕೈ ಸೇರಿ ಬಿಟ್ಟವನನ್ನೇ ಕೊಲ್ಲುತ್ತದೆ. ಅಶ್ವಗ್ರೀವನಿಗೂ ಹಾಗೇ, ಲಕ್ಷ್ಮಣನ ಕೈಯಲ್ಲಿ ರಾವಣನಿಗೂ ಹಾಗೇ, ಜರಾಸಂಧನಿಗೂ ಹಾಗೇ. ಮೊದಲ ಸಲ ಮೈ ಜುಮ್ಮೆನ್ನುತ್ತದೆ, ಮೂರನೆಯ ಸಲ ಪುಟ ತಿರುವುವ ಕೈ ನಿಧಾನವಾಗುತ್ತದೆ. ಅಂಕಿಸಂಖ್ಯೆಯದೂ ಅದೇ ಪಾಡು. ಆದಿನಾಥನ ಎತ್ತರ 500 ಧನುಸ್ಸು, ಆಯುಷ್ಯ 84 ಲಕ್ಷ ಪೂರ್ವ ಎಂದಾಗ ಮನಸ್ಸಿಗೆ ಏನೂ ತಟ್ಟುವುದಿಲ್ಲ. ಆದರೆ ತೀರ್ಥಂಕರರ ಸಾಲು ಇಳಿಯುತ್ತ ಬಂದು ಮಹಾವೀರನಲ್ಲಿ 7 ಮೊಳ, 72 ವರ್ಷ ಎಂದಾಗ, ಕಾಲವೇ ಕುಗ್ಗುತ್ತ ಬಂದು ನಮ್ಮ ಅಳತೆಗೆ ಇಳಿದದ್ದು ಎದೆಗೆ ತಾಕುತ್ತದೆ. ಆ ದುಃಖ ಇಡೀ ಸಾಲು ಓದಿದವನಿಗೆ ಮಾತ್ರ ದಕ್ಕುತ್ತದೆ.

ಸರಣಿಗಳ ದೊಡ್ಡ ರೋಗವೆಂದರೆ ನಡುವಿನ ಸಂಪುಟ. ರಾಬರ್ಟ್ ಜೋರ್ಡನ್ನರ ‘ವ್ಹೀಲ್ ಆಫ್ ಟೈಮ್’ನ ಹತ್ತನೆಯ ಭಾಗದಲ್ಲಿ ಕಥೆ ನಿಂತಲ್ಲೇ ನಿಂತಿತು ಎಂದು ಅವರ ಅಭಿಮಾನಿಗಳೇ ದೂರುತ್ತಾರೆ. ಆದಿಪುರಾಣದಲ್ಲಿ ಆದಿನಾಥನ ಮಗ ಭರತನ ದಿಗ್ವಿಜಯವೂ ಓದುವಾಗ ಭಾರವೇ: ದಂಡು ಹೊರಟಿತು, ನದಿ ದಾಟಿತು, ಅರಸ ಶರಣಾದ; ಮತ್ತೆ ದಂಡು ಹೊರಟಿತು. ಆದರೆ ಅದು ಹೋಗಿ ಮುಟ್ಟುವುದು ವೃಷಭಾಚಲವನ್ನು. ಆರು ಖಂಡ ಗೆದ್ದ ಮೊದಲಿಗ ತಾನೇ ಎಂದು ಕಾಕಿಣೀರತ್ನ ಹಿಡಿದು ಹೆಸರು ಕೆತ್ತಲು ಹೋದರೆ, ಬೆಟ್ಟದ ಮೈಯೆಲ್ಲ ಹಿಂದಿನ ಚಕ್ರವರ್ತಿಗಳ ಹೆಸರೇ. ಖಾಲಿ ಜಾಗವಿಲ್ಲ. ಇನ್ನೊಬ್ಬನ ಹೆಸರು ಅಳಿಸಿ ತನ್ನದನ್ನು ಬರೆಯಬೇಕಾಗುತ್ತದೆ. ಅಷ್ಟು ಉದ್ದದ ದಂಡಯಾತ್ರೆಯ ಬೇಸರ ಇಲ್ಲದಿದ್ದರೆ ಈ ಪೆಟ್ಟು ಇಷ್ಟು ಜೋರಾಗಿ ಬೀಳುತ್ತಿರಲಿಲ್ಲ. ನಡುಭಾಗದ ನಿಧಾನವನ್ನು ನಾನು ಕ್ಷಮಿಸುವುದು ಅದರ ತುದಿಯಲ್ಲಿ ಇಂಥದೊಂದು ಬೆಟ್ಟವಿದ್ದರೆ ಮಾತ್ರ.

ಇನ್ನು ಅಳಿಯ ಕೇಳಿದ ಮುಗಿಯದ ಕಥೆ. ಜೋರ್ಡನ್ 2007ರಲ್ಲಿ ತೀರಿಕೊಂಡರು. ಬ್ರಾಂಡನ್ ಸ್ಯಾಂಡರ್ಸನ್ ಉಳಿದ ಕಥೆಯನ್ನು ಮೂರು ಸಂಪುಟಗಳಲ್ಲಿ ಬರೆದು 2013ಕ್ಕೆ ಮುಗಿಸಿದರು. ಒಂಬತ್ತನೆಯ ಶತಮಾನದಲ್ಲಿ ಜಿನಸೇನಾಚಾರ್ಯರಿಗೂ ಹೀಗೇ ಆಯಿತು. ಗುರು ವೀರಸೇನರು ಅರ್ಧಕ್ಕೆ ಬಿಟ್ಟುಹೋದ ‘ಜಯಧವಲಾ’ ಟೀಕೆಯನ್ನು 837ರಲ್ಲಿ ಪೂರೈಸಿದ ಅವರು, ತಮ್ಮದೇ ‘ಮಹಾಪುರಾಣ’ದಲ್ಲಿ 42 ಪರ್ವ, 43ನೆಯ ಪರ್ವದ ಮೂರು ಶ್ಲೋಕ ಬರೆದು ತೀರಿಕೊಂಡರು. ನಾಲ್ಕನೆಯ ಶ್ಲೋಕದಿಂದ ಶಿಷ್ಯ ಗುಣಭದ್ರರ ಬರವಣಿಗೆ. ಆದಿನಾಥ ಒಬ್ಬನಿಗೆ 47 ಪರ್ವ ಸಂದಿವೆ. ಉಳಿದ 23 ತೀರ್ಥಂಕರರನ್ನು ಗುಣಭದ್ರರು 29 ಪರ್ವಗಳಲ್ಲಿ ಮುಗಿಸಿದರು. ಈ ಅವಸರ ಓದುವಾಗ ಕಾಣುತ್ತದೆ, ಕೆಲವು ಚರಿತ್ರೆಗಳು ಒಣ ವಿವರಗಳಾಗಿವೆ. ಆದರೂ ಗುರುವಿನ ಕಥೆಯನ್ನು ಅರ್ಧಕ್ಕೆ ಬಿಡಲಿಲ್ಲವೆಂಬ ಕಾರಣಕ್ಕೆ ಅವರ ಮೇಲೆ ನನಗೆ ಅಪಾರ ಪ್ರೀತಿ. ಕನ್ನಡದಲ್ಲಿ ನೇಮಿಚಂದ್ರನಿಗೆ ಅಂಥ ಶಿಷ್ಯ ಸಿಗಲಿಲ್ಲ. ಅವನ ನೇಮಿನಾಥಪುರಾಣಕ್ಕೆ ‘ಅರ್ಧನೇಮಿ’ ಎಂಬ ಹೆಸರೇ ನಿಂತುಹೋಯಿತು. ಅರ್ಧವಾದರೂ ಜನ ಅದನ್ನು ಓದುವುದು ಬಿಟ್ಟಿಲ್ಲ.

ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: ಓದಿದ ಐದರಲ್ಲಿ ಮೊದಲನೆಯದರ ಯಾವ ಋಣ ಐದನೆಯದರಲ್ಲಿ ತೀರಿತು ಎಂದು ಬರೆದಿಟ್ಟುಕೊ, ಆರನೆಯದು ಬರದಿದ್ದರೂ ಕಥೆಯ ತೂಕ ತಿಳಿಯುತ್ತದೆ. ಈಗ ಅವನ ಮೇಜಿನ ಮೇಲೆ ಆದಿಪುರಾಣದ ಹೊಸಗನ್ನಡ ಗದ್ಯವೂ ಇದೆ. ಮೊದಲ ಪುಟದಿಂದ ಶುರು ಮಾಡಬೇಡ, ಶ್ರೀಮತಿ ಪಟ ಬರೆಯುವ ಭಾಗದಿಂದ ಮೊದಲು ಮಾಡು, ಆಮೇಲೆ ಹಿಂದಕ್ಕೆ ಹೋಗು ಎಂದಿದ್ದೇನೆ. ಅದು ಮುಗಿದರೆ ರತ್ನಾಕರವರ್ಣಿಯ ‘ಭರತೇಶವೈಭವ’ ಕೊಡಬೇಕು. ಭೋಗವಿಜಯದಿಂದ ಅರ್ಕಕೀರ್ತಿವಿಜಯದವರೆಗೆ ಅದೂ ಐದು ಭಾಗವೇ, 80 ಸಂಧಿ. ಆದಿಪುರಾಣದಲ್ಲಿ ಕಾದುವ ಅಣ್ಣತಮ್ಮ ಭರತ ಬಾಹುಬಲಿಯರು ಅಲ್ಲಿ ಹೊಡೆದಾಡುವುದೇ ಇಲ್ಲ.