‘ಸೆಟ್’ ಪದದ ಸಂಸಾರ

ನಿಘಂಟು ರಚಿಸುವವರನ್ನು ಹೆಚ್ಚು ದಣಿಸುವ ಪದಗಳು ಸಾಮಾನ್ಯವಾಗಿ ಅತ್ಯಂತ ಚಿಕ್ಕವು. 1755ರಲ್ಲಿ ತನ್ನ ಇಂಗ್ಲಿಷ್ ನಿಘಂಟನ್ನು ಹೊರತಂದ ಸ್ಯಾಮ್ಯುಯಲ್ ಜಾನ್ಸನ್ ಅದರ ಮುನ್ನುಡಿಯಲ್ಲಿಯೇ ಈ ಸಂಕಟವನ್ನು ತೋಡಿಕೊಂಡಿದ್ದಾನೆ. ಗೆಟ್, ಗಿವ್, ಪುಟ್, ಸೆಟ್, ರನ್, ಟೇಕ್ ಮೊದಲಾದ ಕ್ರಿಯಾಪದಗಳ ಅರ್ಥ ತೀರ ಸಡಿಲ, ಬಳಕೆ ತೀರ ಅನಿಶ್ಚಿತ. ಅವುಗಳ ಜಾಡು ಹಿಡಿದು ಹೋಗುವುದೇ ಕಷ್ಟ ಎಂಬುದು ಅವನ ಅಳಲು. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 20 ಸಂಪುಟಗಳ ಎರಡನೆಯ ಆವೃತ್ತಿ 1989ರಲ್ಲಿ ಪ್ರಕಟವಾದಾಗ ಅದರ ಅತ್ಯಂತ ದೀರ್ಘ ನಮೂದು ‘ಸೆಟ್’ ಕ್ರಿಯಾಪದದ್ದಾಗಿತ್ತು: 430 ಅರ್ಥಗಳು, ಸುಮಾರು 60,000 ಪದಗಳ ವಿವರಣೆ. ಒಂದು ಸಾಧಾರಣ ಕಾದಂಬರಿಯ ಗಾತ್ರವದು. ಮುಂದಿನ ಆವೃತ್ತಿಯ ಪರಿಷ್ಕರಣೆಯಲ್ಲಿ ‘ರನ್’ ಕ್ರಿಯಾಪದಕ್ಕೆ 645 ಅರ್ಥಗಳು ಗುರುತಿಸಲ್ಪಟ್ಟು, 2011ರ ವೇಳೆಗೆ ಆ ಹಿರಿಮೆ ಅದರ ಪಾಲಾಯಿತು. ದಾಖಲೆಪ್ರಿಯರಿಗೆ ಇಂತಹ ಸಂಖ್ಯೆಗಳು ರುಚಿಸುತ್ತವೆ. ಆದರೆ ಅರ್ಥಗಳ ಎಣಿಕೆ ಬಹುಮಟ್ಟಿಗೆ ಸಂಪಾದಕನ ಕತ್ತರಿಯನ್ನು ಅವಲಂಬಿಸಿದೆ. ಒಬ್ಬನು ಒಂದೆಂದು ಬಗೆದದ್ದನ್ನು ಇನ್ನೊಬ್ಬನು ನಾಲ್ಕಾಗಿ ಸೀಳಬಲ್ಲ.

ಸೆಟ್ ಪದದ ಮೂಲ ಸರಳವಾಗಿದೆ. ಹಳೆಯ ಇಂಗ್ಲಿಷಿನ ‘ಸೆಟ್ಟನ್’ ಎಂಬುದು ‘ಸಿಟ್’ ಧಾತುವಿನ ಪ್ರೇರಣಾರ್ಥಕ ರೂಪ. ಸಿಟ್ ಎಂದರೆ ಕೂರು, ಸೆಟ್ ಎಂದರೆ ಕೂರಿಸು. ‘ಫಾಲ್’ ಮತ್ತು ‘ಫೆಲ್’ ಜೋಡಿಯೂ ಹೀಗೆಯೇ: ಮರ ತಾನಾಗಿ ಬಿದ್ದರೆ ಒಂದು, ಕಡಿದು ಬೀಳಿಸಿದರೆ ಇನ್ನೊಂದು. ಕನ್ನಡದಲ್ಲಿ ‘ಇಸು’ ಪ್ರತ್ಯಯ ಇಂದಿಗೂ ಜೀವಂತವಾಗಿರುವುದರಿಂದ ಇರು-ಇರಿಸು, ಕೂರು-ಕೂರಿಸು ಇವುಗಳ ನಂಟು ಮಕ್ಕಳಿಗೂ ಕಾಣುತ್ತದೆ. ಇಂಗ್ಲಿಷಿನಲ್ಲಿ ಆ ಪ್ರತ್ಯಯ ಸವೆದುಹೋಗಿ ಸ್ವರದ ವ್ಯತ್ಯಾಸವಷ್ಟೇ ಉಳಿದಿದೆ. ಆದ್ದರಿಂದ ಅದನ್ನು ನಿತ್ಯ ಆಡುವವರಿಗೂ ಸೆಟ್ ಪದದೊಳಗಿನ ‘ಕೂರುವಿಕೆ’ ಕಾಣದು. ಕಾಣದಿರುವುದೇ ಅದರ ವಿಸ್ತಾರಕ್ಕೆ ಒಂದು ಕಾರಣವಾಗಿರಬಹುದು. ಮೂಲಾರ್ಥದ ಹಿಡಿತ ಸಡಿಲಿಸಿದ ಪದ ಯಾರ ಜೊತೆಗೂ ಹೋಗಬಲ್ಲದು.

ಹಾಗೆ ಹೋದ ಕಡೆಗಳಲ್ಲಿ ಕೆಲವು ಕನ್ನಡಕ್ಕೆ ಅಚ್ಚರಿಯೆನ್ನುವಷ್ಟು ಹತ್ತಿರದವು. ಉಂಗುರಕ್ಕೆ ಹರಳನ್ನು ‘ಸೆಟ್’ ಮಾಡುವುದನ್ನು ನಮ್ಮ ಅಕ್ಕಸಾಲಿಗರು ಹರಳು ‘ಕೂರಿಸುವುದು’ ಎಂದೇ ಹೇಳುತ್ತಾರೆ. ಸೂರ್ಯನ ವಿಷಯದಲ್ಲಿ ಮಾತ್ರ ದಾರಿ ಬೇರೆ. ಇಂಗ್ಲಿಷಿನ ಸೂರ್ಯ ಸಂಜೆಗೆ ಕೂರುತ್ತಾನೆ. ಹಳೆಯ ಇಂಗ್ಲಿಷಿನಲ್ಲಿ ಸೂರ್ಯಾಸ್ತಕ್ಕಿದ್ದ ‘ಸೆಟ್ಲ್‌ಗಾಂಗ್’ ಎಂಬ ಪದದ ಅಕ್ಷರಾರ್ಥವೇ ಪೀಠಕ್ಕೆ ಹೋಗುವುದು ಎಂದು. ಕನ್ನಡದ ಸೂರ್ಯ ಮುಳುಗುತ್ತಾನೆ, ಕಂತುತ್ತಾನೆ. ಉಳಿದ ಬಳಕೆಗಳಲ್ಲಿ ಕನ್ನಡ ಪ್ರತಿ ಸಲವೂ ಬೇರೆ ಕ್ರಿಯಾಪದವನ್ನು ಕೇಳುತ್ತದೆ. ಮಳೆಗಾಲ ‘ಸೆಟ್ ಇನ್’ ಆದರೆ ಮಳೆ ಹಿಡಿಯಿತು. ಪಯಣಿಗ ‘ಸೆಟ್ ಔಟ್’ ಆದರೆ ಹೊರಟ. ಬಲೆಯನ್ನು ಒಡ್ಡಬೇಕು, ಅಚ್ಚಿನ ಮೊಳೆಯನ್ನು ಜೋಡಿಸಬೇಕು, ಮುರಿದ ಮೂಳೆಯನ್ನು ಕೂಡಿಸಬೇಕು.

ಸಿಮೆಂಟಿನ ‘ಸೆಟ್’ ತುಸು ನಿಂತು ನೋಡಬೇಕಾದದ್ದು. ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟು ನೀರು ಬೆರೆಸಿದ 30 ನಿಮಿಷಕ್ಕೆ ಮೊದಲು ಸೆಟ್ ಆಗತೊಡಗಬಾರದು, 600 ನಿಮಿಷಗಳೊಳಗೆ ಪೂರ್ತಿ ಸೆಟ್ ಆಗಬೇಕು ಎಂದು ಭಾರತೀಯ ಮಾನಕ ವಿಧಿಸುತ್ತದೆ. ಇಲ್ಲಿ ಸೆಟ್ ಎಂದರೆ ಮಿದುತನ ಕಳೆದುಕೊಂಡು ಆಕಾರ ಹಿಡಿಯುವುದು. ಬಲ ಬರುವುದು ಅದರ ಮುಂದಿನ, ದಿನಗಟ್ಟಲೆ ನಡೆಯುವ ಬೇರೆ ಹಂತ. ‘ಗಟ್ಟಿಯಾಗು’ ಎಂದು ಅನುವಾದಿಸಿದರೆ ಎರಡು ಹಂತಗಳೂ ಒಂದಾಗಿಬಿಡುತ್ತವೆ. ‘ಸೆಟ್ ಆಗಲಿ ತಡಿ’ ಎನ್ನುವ ಗಾರೆಯವನನ್ನು ಕನ್ನಡ ಕೆಡಿಸಿದನೆಂದು ದೂರುವವರು ಇದನ್ನು ಗಮನಿಸಬೇಕು.

ಇಷ್ಟೆಲ್ಲ ಒಂದೇ ಬೇರಿನಿಂದ ಹೊರಟದ್ದಾದರೂ, ಗುಂಪು ಎಂಬರ್ಥದ ನಾಮಪದ ‘ಸೆಟ್’ ಬೇರೆ ವಂಶದ್ದು. ಅದು ಲ್ಯಾಟಿನ್ನಿನ ‘ಸೆಕ್ಟಾ’ ಪದದಿಂದ ಹಳೆಯ ಫ್ರೆಂಚಿನ ಮೂಲಕ ಬಂದದ್ದು. ಪಂಥ ಎಂಬರ್ಥದ ‘ಸೆಕ್ಟ್’ ಅದರ ದಾಯಾದಿ. ರೂಪಸಾಮ್ಯದಿಂದ ಎರಡು ವಂಶಗಳು ಬೆರೆತುಹೋಗಿ ಈಗ ಒಂದೇ ಮನೆಯಲ್ಲಿವೆ. ಗಣಿತದ ಸೆಟ್‌ಗೆ ನಮ್ಮ ಶಾಲಾ ಪಠ್ಯಗಳು ಆರಿಸಿಕೊಂಡ ‘ಗಣ’ ಎಂಬ ಪದವೂ ಶಿವಗಣದಿಂದ ಛಂದಸ್ಸಿನ ಅಂಶಗಣದವರೆಗೆ ತನ್ನದೇ ಸಂಸಾರವುಳ್ಳದ್ದು, ಆಯ್ಕೆ ಸೊಗಸಾಗಿದೆ. ಪಂಪ್‌ಸೆಟ್ಟೂ ಸೆಟ್ ದೋಸೆಯೂ ಈ ಎರಡನೆಯ ವಂಶದ ಕನ್ನಡ ಕುಡಿಗಳು. ಅಧ್ಯಾಪಕ ಹುದ್ದೆಯ ಆಕಾಂಕ್ಷಿಗಳು ಬರೆಯುವ ‘ಕೆ-ಸೆಟ್’ ಮಾತ್ರ ಯಾವ ವಂಶಕ್ಕೂ ಸೇರದ ಅಕ್ಷರಸಂಕ್ಷೇಪ. ಕನ್ನಡ ಲಿಪಿಯಲ್ಲಿ ಅದೂ ನೆಂಟನಂತೆಯೇ ಕಾಣುವುದರಿಂದ ‘ಸೆಟ್ ಆಯಿತೆ?’ ಎಂಬ ಪ್ರಶ್ನೆಗೆ ಸಂಶೋಧನಾ ವಿದ್ಯಾರ್ಥಿಯೊಬ್ಬ ಯೋಚಿಸಿ ಉತ್ತರಿಸಬೇಕಾಗುತ್ತದೆ.

ವಿನೋದ ಮುಗಿಯುವುದು ನ್ಯಾಯಾಲಯದ ಬಾಗಿಲಲ್ಲಿ. ‘ಸೆಟ್ ಅಸೈಡ್’ ಎಂಬ ಜೋಡಿಗೆ ಮನೆಯ ಲೆಕ್ಕದಲ್ಲಿ ತೆಗೆದಿಡು, ಮೀಸಲಿಡು ಎಂದರ್ಥ. ಕಾನೂನಿನಲ್ಲಿ ರದ್ದುಪಡಿಸು ಎಂದರ್ಥ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೆಯ ಆದೇಶದ 13ನೆಯ ನಿಯಮದಂತೆ, ಪ್ರತಿವಾದಿಯ ಗೈರುಹಾಜರಿಯಲ್ಲಿ ಆದ ಏಕಪಕ್ಷೀಯ ಡಿಕ್ರಿಯನ್ನು, ಸಮನ್ಸು ಸರಿಯಾಗಿ ಜಾರಿಯಾಗದಿದ್ದಲ್ಲಿ ಅಥವಾ ಗೈರಿಗೆ ಸಾಕಷ್ಟು ಕಾರಣವಿದ್ದಲ್ಲಿ, ‘ಸೆಟ್ ಅಸೈಡ್’ ಮಾಡಿಸಿಕೊಳ್ಳಬಹುದು. ಇದನ್ನು ‘ಬದಿಗಿರಿಸಲಾಗಿದೆ’ ಎಂದು ಬರೆಯುವ ರೂಢಿ ಪತ್ರಿಕೆಗಳಲ್ಲೂ ಅನುವಾದಗಳಲ್ಲೂ ಇದೆ. ಕನ್ನಡದಲ್ಲಿ ಬದಿಗಿರಿಸಿದ್ದು ನಾಶವಾಗುವುದಿಲ್ಲ; ಬದಿಯಲ್ಲಿರುತ್ತದೆ, ಬೇಕಾದಾಗ ಕೈಗೆ ಸಿಗುತ್ತದೆ. ತನ್ನ ಜಮೀನಿನ ಮೇಲಿದ್ದ ಡಿಕ್ರಿ ಬದಿಗಿರಿಸಲ್ಪಟ್ಟಿತೆಂದು ಓದಿದ ರೈತ ಅದು ಇನ್ನೂ ಎಲ್ಲೋ ಕಾದು ಕೂತಿದೆ ಎಂದೇ ಭಾವಿಸಿದರೆ ತಪ್ಪು ಅವನದಲ್ಲ. ‘ಸೆಟ್ ಆಫ್’ ವಿಷಯವೂ ಇಷ್ಟೇ ಗಂಭೀರ. ವಿಚಾರಣಾಧೀನ ಕೈದಿ ಬಂಧನದಲ್ಲಿ ಕಳೆದ ದಿನಗಳನ್ನು ಶಿಕ್ಷೆಯ ಅವಧಿಯಲ್ಲಿ ಕಳೆಯಬೇಕೆನ್ನುವ, 1973ರ ದಂಡ ಪ್ರಕ್ರಿಯಾ ಸಂಹಿತೆಯ 428ನೆಯ ಕಲಮಿನಲ್ಲಿಯೂ 2024ರಲ್ಲಿ ಅದರ ಸ್ಥಾನಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 468ನೆಯ ಕಲಮಿನಲ್ಲಿಯೂ ಇರುವುದು ಈ ಪದವೇ. ಅದೇ ಜೋಡಿಗೆ ಬೇರೆ ಕಡೆ ಹೊರಡು ಎಂದೂ, ಪಟಾಕಿ ಸಿಡಿಸು ಎಂದೂ ಅರ್ಥವಿದೆ. ಪದಕ್ಕೆ ಪದ ಹುಡುಕುವ ಅನುವಾದಕ ಇಲ್ಲಿ ಒಬ್ಬ ಮನುಷ್ಯನ ತಿಂಗಳುಗಳೊಂದಿಗೆ ಆಡುತ್ತಿರುತ್ತಾನೆ.

ಇದನ್ನೆಲ್ಲ ಇಂಗ್ಲಿಷಿನ ಚಂಚಲತೆಯೆಂದು ನಗುವಂತಿಲ್ಲ. ಕನ್ನಡದ ‘ಇಡು’ ಕ್ರಿಯಾಪದ ಕಡಿಮೆಯದೇನಲ್ಲ. ಮಗುವಿಗೆ ಹೆಸರಿಡುತ್ತೇವೆ, ನೈವೇದ್ಯಕ್ಕೆ ಎಡೆಯಿಡುತ್ತೇವೆ, ಅಂಗಳದಲ್ಲಿ ರಂಗೋಲಿಯಿಡುತ್ತೇವೆ, ಒಡವೆಯನ್ನು ಅಡವಿಡುತ್ತೇವೆ, ಕೋಳಿ ಮೊಟ್ಟೆಯಿಡುತ್ತದೆ, ನೊಂದವರು ಮೊರೆಯಿಡುತ್ತಾರೆ. ಬೆಂಕಿಯ ಸಂದರ್ಭದಲ್ಲಂತೂ ಸೆಟ್ ಮತ್ತು ಇಡು ಎರಡೂ ಒಂದೇ ಅಪರಾಧದಲ್ಲಿ ಸಿಕ್ಕಿಬೀಳುತ್ತವೆ. ಮೇಲಾಗಿ ಬರೆದಿಡು, ಕೂಡಿಡು ಎಂಬಲ್ಲಿ ಅದು ಇನ್ನೊಂದು ಕ್ರಿಯೆಯ ಬೆನ್ನಿಗೆ ನಿಂತು, ಮುಂದಕ್ಕೆ ಬೇಕೆಂಬ ಭಾವವನ್ನಷ್ಟೇ ಸೂಚಿಸುತ್ತದೆ. ಸೆಟ್ ಪದಕ್ಕೆ ಈ ಕೆಲಸ ಬಾರದು. ಹಳಗನ್ನಡದಲ್ಲಿ ಎಸೆ, ಹೊಡೆ ಎಂಬ ಅರ್ಥಗಳೂ ಇದಕ್ಕಿದ್ದವು. ಗದೆ ಹಿಡಿದ ವೀರನೊಬ್ಬ ‘ಇಟ್ಟನು’ ಎಂದು ಓದುವ ಇಂದಿನ ವಿದ್ಯಾರ್ಥಿ, ಅವನು ಅದನ್ನು ನೆಲಕ್ಕಿಟ್ಟನೋ ಎದುರಾಳಿಯ ತೊಡೆಗೆ ಹೊಡೆದನೋ ಎಂದು ತಿಳಿಯಲು ಮುಂದಿನ ಸಾಲಿಗೆ ಹೋಗಬೇಕಾಗುತ್ತದೆ.